ಹೂತ ಗಾಲಿಗೆ ಎಷ್ಟು ಬಲ ಬೇಕು?

ನಮ್ಮ ಭೀಮಾ ತೀರದ ಎರೆ ಮಣ್ಣಿನ ಸ್ವಭಾವವನ್ನು ಅರಿಯದವರು ಅದರ ಮೇಲೆ ವಾಹನ ಓಡಿಸಬಾರದು. ಬೇಸಿಗೆಯಲ್ಲಿ ಅದು ಅಂಗೈ ತೂರುವಷ್ಟು ಅಗಲವಾಗಿ ಬಿರಿಯುತ್ತದೆ, ಕಲ್ಲಿನಂತೆ ಗಟ್ಟಿಯಾಗುತ್ತದೆ. ಕಬ್ಬು ತುಂಬಿದ ಟ್ರ್ಯಾಕ್ಟರ್ ಹಾದುಹೋದರೂ ಧೂಳಲ್ಲದೆ ಮತ್ತೇನೂ ಏಳುವುದಿಲ್ಲ. ಉತ್ತರಿ, ಹಸ್ತ ಮಳೆಗಳು ಎರಡು ದಿನ ಹಿಡಿದವೆಂದರೆ ಅದೇ ದಾರಿ ಅಂಬಲಿಯಾಗುತ್ತದೆ. ದಖ್ಖನ್ ಪ್ರಸ್ಥಭೂಮಿಯ ಕರಿಕಲ್ಲು, ಅಂದರೆ ಬಸಾಲ್ಟ್ ಶಿಲೆ, ಯುಗಯುಗಾಂತರಗಳಿಂದ ಸವೆದು ಉಂಟಾದ ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಅಂಶ ಹೆಚ್ಚು. ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುವ ಅದರ ಕಣಗಳ ನಡುವೆ ನೀರು ನುಗ್ಗಿ ಪದರಗಳನ್ನು ದೂರ ಸರಿಸುತ್ತದೆ. ಮಣ್ಣು ಉಬ್ಬುತ್ತದೆ, ಜಾರುತ್ತದೆ, ಅಂಟುತ್ತದೆ. ತೊಗರಿಗೂ ಹಿಂಗಾರಿ ಜೋಳಕ್ಕೂ ತಿಂಗಳುಗಟ್ಟಲೆ ತೇವವನ್ನು ಹಿಡಿದಿಟ್ಟು ಕೊಡುವ ಆ ಗುಣವೇ ಗಾಲಿಯ ಪಾಲಿಗೆ ಶತ್ರು. ಟೈರಿನ ಗೀರುಗಳಲ್ಲಿ ಮಣ್ಣು ತುಂಬಿಕೊಂಡು, ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಗಾಲಿ ಎಣ್ಣೆ ಹಚ್ಚಿದ ಗುಂಡಿನಂತಾಗುತ್ತದೆ. ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಹರಿಸುವ ಜೀಪು ಕೂಡ ಆಗ ನಾಲ್ಕು ಕಡೆ ಒಟ್ಟಿಗೆ ಗುಂಡಿ ತೋಡಿಕೊಳ್ಳುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ.

ಇದನ್ನೆಲ್ಲ ಬರೆಯಲು ಕಾರಣನಾದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಹೆಸರು ಬೇಡ, ಅವನ ಜೊತೆ ಓದಿದವರು ಊಹಿಸಿಕೊಳ್ಳುತ್ತೀರಿ. ಘತ್ತರಗಿಯ ಆಚೆ ಹೊಳೆದಂಡೆಗೆ ಅವನ ಹೊಲ, ಹೊಲದಲ್ಲಿಯೇ ಮನೆ. ಡಾಂಬರು ರಸ್ತೆಯಿಂದ ಅಲ್ಲಿಗೆ ಸುಮಾರು ಎರಡು ಕಿಲೋಮೀಟರ್ ಬಂಡಿದಾರಿ. ಕಳೆದ ಮಳೆಗಾಲದ ಒಂದು ರಾತ್ರಿ ಅವನ ತಾಯಿಗೆ ಉಸಿರಾಟದ ತೊಂದರೆ ಹೆಚ್ಚಾಯಿತು. ಜೀಪಿನಲ್ಲಿ ಕೂರಿಸಿಕೊಂಡು ಹೊರಟವನು ಅರ್ಧ ದಾರಿಯಲ್ಲಿ ಹೂತುಕೊಂಡ. ಕೊನೆಗೆ ನಾಲ್ವರು ಆಳುಗಳು ಆಕೆಯನ್ನು ಹೊರಸಿನ ಮೇಲೆ ಮಲಗಿಸಿ, ಮೊಣಕಾಲುದ್ದ ರಾಡಿಯಲ್ಲಿ ಒಂದು ಗಂಟೆ ನಡೆದು ರಸ್ತೆ ಮುಟ್ಟಿಸಿದರು. ಆಕೆ ಚೇತರಿಸಿಕೊಂಡರು. ಆ ಒಂದು ಗಂಟೆ ಮಾತ್ರ ಮಗನ ತಲೆಯಿಂದ ಹೋಗಲಿಲ್ಲ.

“ಸರ್, ಜೀಪಿಗಿ ವಿಂಚ್ ಹಾಕಿಸಬೇಕಂತ ಮಾಡೀನ್ರಿ. ಹನ್ನೆರಡು ಸಾವಿರ ಪೌಂಡಿಂದು ತರ್ಲೋ, ಒಂಬತ್ತೂವರಿ ಸಾವಿರದ್ದು ಸಾಕೋ? ಅಂಗಡಿಯವ್ರು ದೊಡ್ಡದೇ ತಗೋರಿ ಅಂತಾರ,” ಎಂದು ಫೋನಿನಲ್ಲಿ ಕೇಳಿದ.

“ಮೊದಲ ನಿನ್ನ ಜೀಪ ಎಷ್ಟ ತೂಕ ಅದ ಹೇಳಪಾ,” ಎಂದೆ.

ವಿಂಚ್ ಎಂದರೆ ನಾವು ಪ್ರೌಢಶಾಲೆಯಲ್ಲಿ ‘ಸರಳ ಯಂತ್ರಗಳು’ ಎಂದು ಓದುತ್ತಿದ್ದ ಪಾಠದ ಚಕ್ರ ಮತ್ತು ಅಚ್ಚು. ಅದಕ್ಕೆ ಮೋಟಾರು, ಹಲ್ಲುಚಕ್ರಗಳು ಸೇರಿವೆ, ಅಷ್ಟೆ. ಈ ಪಾಠ ಮಾಡುವಾಗ ನಾನು ಮೊಟ್ಟೆಯ ಉದಾಹರಣೆ ಕೊಡುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ದಕ್ಷಿಣದವರು ಕಪಿಲೆ ಎನ್ನುತ್ತಾರೆ. ಬಾವಿಯ ಮೇಲಿನ ಆ ಒಂಟಿ ರಾಟೆ ಬಲವನ್ನು ಒಂದು ಗುಂಜಿಯಷ್ಟೂ ಹೆಚ್ಚಿಸುವುದಿಲ್ಲ, ದಿಕ್ಕನ್ನು ಮಾತ್ರ ಬದಲಿಸುತ್ತದೆ. ಆದರೆ ದಿಕ್ಕು ಬದಲಾದುದರಿಂದಲೇ ಎತ್ತುಗಳು ಇಳಿಜಾರಿನಲ್ಲಿ ಇಳಿಯುತ್ತ ಎಳೆಯಬಲ್ಲವು, ಅವುಗಳ ಮೈಭಾರವೂ ಕೆಲಸಕ್ಕೆ ಬರುತ್ತದೆ. ಯಾವ ದಿಕ್ಕಿಗೆ ಎಳೆಯುತ್ತೇವೆ ಎಂಬುದು ಎಷ್ಟು ಎಳೆಯುತ್ತೇವೆ ಎಂಬುದರಷ್ಟೇ ಮುಖ್ಯ. ಇದನ್ನು ಮುಂದೆ ಮತ್ತೆ ಹೇಳಬೇಕಾಗುತ್ತದೆ.

ಮೊದಲು ಬಲದ ಲೆಕ್ಕ. ಅವನ ಜೀಪು ಖಾಲಿಯಿದ್ದಾಗ ಒಂದೂಮುಕ್ಕಾಲು ಟನ್. ಡೀಸೆಲ್, ನಾಲ್ಕು ಜನ, ಎರಡು ಚೀಲ ಗೊಬ್ಬರ ಸೇರಿದರೆ 2,200 ಕಿಲೋ ಎನ್ನೋಣ. ತುಂಬಿದ ತೂಕದ ಒಂದೂವರೆ ಪಟ್ಟು ಎಳೆಯುವ ವಿಂಚ್ ಇರಬೇಕೆಂಬುದು ಈ ವ್ಯವಹಾರದಲ್ಲಿ ರೂಢಿಯಾದ ನಿಯಮ. ಅಂದರೆ 3,300 ಕಿಲೋ, ಪೌಂಡಿನಲ್ಲಿ ಸುಮಾರು 7,300. ಮಾರುಕಟ್ಟೆಯಲ್ಲಿ ಸಿಗುವ 8,000 ಪೌಂಡಿನದು ಇದಕ್ಕೆ ಸರಿಹೋಗುತ್ತದೆ. 9,500 ಪೌಂಡಿನದು, ಅಂದರೆ 4,309 ಕಿಲೋದ್ದು, ಒಂದಿಷ್ಟು ಉಳಿತಾಯವಿಟ್ಟುಕೊಂಡೇ ಸಾಕಾಗುತ್ತದೆ.

ಆದರೆ ಈ ಒಂದೂವರೆ ಪಟ್ಟು ಎಲ್ಲಿಂದ ಬಂತು ಎಂದು ಕೇಳದೆ ಒಪ್ಪಿಕೊಳ್ಳಬಾರದು. ಹೂತ ವಾಹನಗಳನ್ನು ಎಳೆಯುವ ಸೈನಿಕರಿಗಾಗಿ ಅಮೆರಿಕದ ಸೈನ್ಯ ಪ್ರಕಟಿಸಿದ ಕೈಪಿಡಿಗಳಲ್ಲಿ ಒಂದು ಸರಳ ಸೂತ್ರವಿದೆ. ಗಾಲಿಯ ಮಟ್ಟಕ್ಕೆ ಕೆಸರಿನಲ್ಲಿ ಹೂತ ವಾಹನದ ಪ್ರತಿರೋಧ ಅದರ ತೂಕದಷ್ಟೇ. ಮಡ್‌ಗಾರ್ಡಿನ ಮಟ್ಟಕ್ಕೆ ಹೂತರೆ ತೂಕದ ಎರಡರಷ್ಟು. ದಾರಿ ಏರಿದ್ದರೆ ಪ್ರತಿ ಡಿಗ್ರಿಗೆ ತೂಕದ ಅರವತ್ತನೆಯ ಒಂದು ಭಾಗ ಸೇರಿಸಬೇಕು. ನಮ್ಮ ಹುಡುಗನ ಜೀಪು ಗಾಲಿಯ ಮಟ್ಟಕ್ಕೆ ಹೂತು, ಮುಂದೆ 15 ಡಿಗ್ರಿಯ ಹಳ್ಳದ ದಿಬ್ಬವಿದ್ದರೆ 2,200ಕ್ಕೆ 550 ಕೂಡಿ 2,750 ಕಿಲೋ ಬೇಕು. ಮಡ್‌ಗಾರ್ಡಿನವರೆಗೆ ಹೂತರೆ ಸಮನೆಲದಲ್ಲಿಯೇ 4,400. ಆಗ ಒಂಬತ್ತೂವರೆ ಸಾವಿರದ ವಿಂಚ್ ಕೂಡ ಸೋಲುತ್ತದೆ. ಹಾಗಾದರೆ ಹನ್ನೆರಡು ಸಾವಿರದ್ದೇ ತರಬೇಕೆ? ನನ್ನ ಅಭಿಪ್ರಾಯದಲ್ಲಿ ಅಲ್ಲ. ಹತ್ತು ನಿಮಿಷ ಸಲಿಕೆ ಹಿಡಿದು ಗಾಲಿಯ ಮುಂದಿನ ಮಣ್ಣನ್ನು ತೆಗೆದು, ಅಡಿಭಾಗ ನೆಲಕ್ಕೆ ಕಚ್ಚಿಕೊಂಡಿರುವುದನ್ನು ಬಿಡಿಸಿದರೆ ಎರಡು ಪಟ್ಟಿನ ಪ್ರತಿರೋಧ ಒಂದು ಪಟ್ಟಿಗೆ ಇಳಿಯುತ್ತದೆ. ಐನೂರು ರೂಪಾಯಿಯ ಸಲಿಕೆ ಎರಡು ಟನ್ನಿನ ಕೆಲಸ ಮಾಡುತ್ತದೆ! ದೊಡ್ಡ ವಿಂಚಾದರೋ ಉಕ್ಕಿನ ಹಗ್ಗ ಸೇರಿ ಮೂವತ್ತೈದು ನಲವತ್ತು ಕಿಲೋ ತೂಗುತ್ತದೆ, ಅದನ್ನು ಹಿಡಿಯುವ ಚೌಕಟ್ಟಿನ ಭಾರ ಬೇರೆ. ಆ ಭಾರವೆಲ್ಲ ಮುಂದಿನ ಗಾಲಿಗಳ ಮುಂದೆ, ವರ್ಷದ ಎಲ್ಲ ದಿನವೂ.

ಇನ್ನು ಪೆಟ್ಟಿಗೆಯ ಮೇಲೆ ಬರೆದ ಅಂಕಿಯ ವಿಷಯ. ಅಲ್ಲಿ 9,500 ಎಂದಿದ್ದರೆ ಅದು ಉರುಳೆಯ ಮೇಲೆ ಹಗ್ಗದ ಒಂದೇ ಸುತ್ತಿನ ಪದರ ಉಳಿದಾಗ ಸಿಗುವ ಬಲ. ಮೋಟಾರು ಕೊಡುವ ತಿರುಗುಬಲ ಒಂದೇ; ಹಗ್ಗ ಪದರದ ಮೇಲೆ ಪದರವಾಗಿ ಸುತ್ತಿಕೊಂಡಂತೆ ತ್ರಿಜ್ಯ ಹೆಚ್ಚುತ್ತದೆ, ಎಳೆತ ಕುಗ್ಗುತ್ತದೆ. ಉರುಳೆಯ ವ್ಯಾಸ 64 ಮಿಲಿಮೀಟರ್, ಹಗ್ಗ 8 ಮಿಲಿಮೀಟರ್ ದಪ್ಪ ಎಂದಿಟ್ಟುಕೊಳ್ಳಿ. ಮೊದಲ ಪದರದಲ್ಲಿ ಹಗ್ಗದ ನಡುವಿಗೆ ತ್ರಿಜ್ಯ 36. ನಾಲ್ಕನೆಯ ಪದರದಲ್ಲಿ 60. ಮೂವತ್ತಾರನ್ನು ಅರವತ್ತರಿಂದ ಭಾಗಿಸಿದರೆ ಹತ್ತರಲ್ಲಿ ಆರು ಪಾಲು. 4,309 ಕಿಲೋ ಎಂದು ಕೊಂಡು ತಂದದ್ದು 2,585ಕ್ಕೆ ಇಳಿಯಿತು. ಹಗ್ಗದ ಸುತ್ತುಗಳು ಒಂದರ ಸಂದಿನಲ್ಲಿ ಒಂದು ಕೂರುವುದರಿಂದ ವಾಸ್ತವದಲ್ಲಿ ನಷ್ಟ ಇದಕ್ಕಿಂತ ತುಸು ಕಡಿಮೆ. ಆದರೂ ಆರೇಳು ಮೀಟರ್ ದೂರದ ಮರಕ್ಕೆ ಕಟ್ಟಿ ಎಳೆಯುವವನು ತನ್ನ ವಿಂಚಿನ ದುರ್ಬಲ ರೂಪವನ್ನೇ ಬಳಸುತ್ತಿರುತ್ತಾನೆ. ಹಾಗೆಂದು ಹಗ್ಗವನ್ನೆಲ್ಲ ಬಿಚ್ಚಿಬಿಡಲೂ ಆಗದು: ಉಕ್ಕಿನದಾದರೆ ಐದು ಸುತ್ತು, ನಾರಿನದಾದರೆ ಎಂಟು ಹತ್ತು ಸುತ್ತು ಉರುಳೆಯ ಮೇಲೆ ಉಳಿಯಲೇಬೇಕು. ಹಗ್ಗ ಜಾರದಂತೆ ಹಿಡಿಯುವುದು ಆ ಸುತ್ತುಗಳ ಘರ್ಷಣೆಯೇ ಹೊರತು ತುದಿಯ ತಿರುಪಲ್ಲ.

ಇದಕ್ಕೆಲ್ಲ ಒಂದೇ ಮದ್ದು, ತೆರೆದು ಮುಚ್ಚಬಹುದಾದ ಒಂದು ರಾಟೆ. ನಮ್ಮಲ್ಲಿ ಕೊಳವೆಬಾವಿಯ ಪಂಪು ಎತ್ತುವವರು ಕಪ್ಪಿ ಎನ್ನುತ್ತಾರಲ್ಲ, ಅದೇ. ಮರಕ್ಕೆ ಕಪ್ಪಿಯನ್ನು ಕಟ್ಟಿ, ಹಗ್ಗವನ್ನು ಅದರಲ್ಲಿ ಹಾಯಿಸಿ, ತುದಿಯನ್ನು ಮರಳಿ ಜೀಪಿನ ಕೊಕ್ಕೆಗೇ ಸಿಕ್ಕಿಸಬೇಕು. ಜೀಪನ್ನು ಈಗ ಎರಡು ಎಳೆಗಳು ಎಳೆಯುತ್ತವೆ. ಘರ್ಷಣೆಯ ಪಾಲು ಕಳೆದರೆ ಬಲ ಹತ್ತಿರ ಹತ್ತಿರ ಇಮ್ಮಡಿ, ವೇಗ ಅರ್ಧ. ಜೊತೆಗೆ ಹಗ್ಗ ಎರಡರಷ್ಟು ಬಿಚ್ಚಿಕೊಳ್ಳುವುದರಿಂದ ಉರುಳೆಯ ಪದರಗಳೂ ಕಡಿಮೆಯಾಗಿ ಮೋಟಾರಿನ ಎಳೆತವೇ ಹೆಚ್ಚುತ್ತದೆ. ಮರೆಯಬಾರದ ಸಂಗತಿಯೆಂದರೆ ಮರದ ಮೇಲೆ ಬೀಳುವ ಭಾರವೂ ಎರಡು ಎಳೆಗಳದು. ಸಣ್ಣ ಗಿಡ ಬೇರುಸಹಿತ ಎದ್ದು ಬರುತ್ತದೆ. ಪರೀಕ್ಷೆಯಲ್ಲಿ ಸ್ಥಿರ ರಾಟೆ, ಚಲ ರಾಟೆಗಳ ವ್ಯತ್ಯಾಸವನ್ನು ಕಂಠಪಾಠ ಮಾಡಿ ಬರೆದ ಎಷ್ಟೋ ಮಂದಿಗೆ ಇದನ್ನು ಒಮ್ಮೆ ಕೆಸರಿನಲ್ಲಿ ನಿಲ್ಲಿಸಿ ತೋರಿಸಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಹಗ್ಗ ಯಾವುದು? ಉಕ್ಕಿನ ತಂತಿಯ ಹಗ್ಗ ಒರಟು ಕೆಲಸಕ್ಕೆ ಬಾಳಿಕೆ ಬರುತ್ತದೆ, ಕಲ್ಲಿಗೆ ಉಜ್ಜಿದರೂ ತಡೆಯುತ್ತದೆ. ಆದರೆ ಭಾರವಾದದ್ದು, ಮುರಿದ ಎಳೆಗಳು ಅಂಗೈಯನ್ನು ಸೀಳುತ್ತವೆ. ಡೈನೀಮಾ ಎಂಬ ವ್ಯಾಪಾರನಾಮದಿಂದ ಪ್ರಸಿದ್ಧವಾದ ಪಾಲಿಥಿಲೀನ್ ನಾರಿನ ಹಗ್ಗ ನೀರಿನ ಮೇಲೆ ತೇಲುವಷ್ಟು ಹಗುರ, ಬಲದಲ್ಲಿ ಅದೇ ದಪ್ಪದ ಉಕ್ಕಿಗೆ ಕಡಿಮೆಯಿಲ್ಲ. ಅದರ ವೈರಿಗಳು ಮೂರು: ಬಿಸಿಲು, ಶಾಖ ಮತ್ತು ನಾರಿನೊಳಗೆ ಸೇರುವ ಮರಳು. ಬೇಸಿಗೆಯಲ್ಲಿ ಕಲಬುರಗಿ ಜಿಲ್ಲೆಯ ಬಿಸಿಲನ್ನು ಬಲ್ಲವರು ಅದಕ್ಕೆ ಮುಸುಕು ಹಾಕದೆ ಬಿಡಲಾರರು. ಪ್ರತಿ ಸಲ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಹಗ್ಗವನ್ನು ಜನಿವಾರದಂತೆ ಜೋಪಾನ ಮಾಡುವ ತಾಳ್ಮೆಯಿದ್ದವರಿಗೆ ನಾರಿನದು, ಇಲ್ಲದವರಿಗೆ ಉಕ್ಕಿನದು.

ಬಾಳಿಕೆಗಿಂತ ದೊಡ್ಡ ವಿಷಯ ಹಗ್ಗ ಹರಿದಾಗ ಏನಾಗುತ್ತದೆ ಎಂಬುದು. ಕೆಲವು ವರ್ಷಗಳ ಹಿಂದೆ ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಹೇರಿದ ಟ್ರ್ಯಾಕ್ಟರೊಂದು ಹೊಲದ ಬಾಯಿಯಲ್ಲಿ ಕುಸಿದಿತ್ತು. ಮತ್ತೊಂದು ಟ್ರ್ಯಾಕ್ಟರು ತಂತಿ ಹಗ್ಗ ಕಟ್ಟಿ ಎಳೆಯುತ್ತಿತ್ತು. ನಮ್ಮೂರುಗಳಲ್ಲಿ ಇಂಥದು ನಡೆದರೆ ಜಾತ್ರೆಯೇ ಸೇರುತ್ತದೆ. ಹುಡುಗರು ಹಗ್ಗದ ಎರಡೂ ಮಗ್ಗುಲಿಗೆ ನಿಂತು ಕೂಗುತ್ತಿದ್ದರು. ನಾನು ಗದರಿಸಿ ಅವರನ್ನು ಬದುವಿನಾಚೆ ಅಟ್ಟಿದೆ. ಎರಡು ನಿಮಿಷ ಕಳೆದಿರಲಿಕ್ಕಿಲ್ಲ, ಹಗ್ಗ ಹರಿಯಿತು. ಅದರ ತುದಿ ಹುಡುಗರು ನಿಂತಿದ್ದ ಜಾಗವನ್ನು ಸವರಿಕೊಂಡು ಹೋಗಿ ಜಾಲಿಮರದ ತೊಗಟೆಯನ್ನು ಒಂದು ಮೊಳ ಸುಲಿದುಹಾಕಿತು. ಆ ತೊಗಟೆಯಿಲ್ಲದ ಬಿಳಿಯ ಗುರುತನ್ನು ನಾನು ಬಹಳ ದಿನ ನೋಡಿದೆ. ನಾರಿನ ಹಗ್ಗ ಹರಿದರೆ ಬಹುಮಟ್ಟಿಗೆ ಸತ್ತ ಹಾವಿನಂತೆ ಬೀಳುತ್ತದೆ, ಆದರೆ ಅದರ ತುದಿಗೆ ಕಬ್ಬಿಣದ ಕೊಕ್ಕೆಯಿದ್ದರೆ ಆ ಕೊಕ್ಕೆಯೇ ಗುಂಡಾಗುತ್ತದೆ. ಯಾವ ಹಗ್ಗವಾದರೂ ಸರಿ, ನಡುವೆ ಒದ್ದೆ ಗೋಣಿಚೀಲವನ್ನೋ ದಪ್ಪ ಕಂಬಳಿಯನ್ನೋ ಹೊದಿಸಬೇಕು; ಹಗ್ಗದ ಉದ್ದಕ್ಕಿಂತ ಹೆಚ್ಚು ದೂರಕ್ಕೆ ಜನರನ್ನು ನಿಲ್ಲಿಸಬೇಕು; ಹಗ್ಗವನ್ನು ದಾಟಬಾರದು.

ಟ್ರ್ಯಾಕ್ಟರಿನ ಮಾತು ಬಂದದ್ದರಿಂದ ಇನ್ನೆರಡು ಮಾತು. ಸಡಿಲ ಹಗ್ಗ ಕಟ್ಟಿ, ಓಡಿಬಂದು ಹಿಸಿಯುವ ಅಭ್ಯಾಸ ನಮ್ಮ ಕಡೆ ಬಹಳ. ಎರಡು ಟನ್ನಿನ ಟ್ರ್ಯಾಕ್ಟರ್ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಬಂದು ಹಗ್ಗ ಬಿಗಿದರೆ ಅದರಲ್ಲಿರುವ ಚಲನಶಕ್ತಿ ಸುಮಾರು 7,700 ಜೂಲ್, ಎಂಟು ಕ್ವಿಂಟಲಿನ ಬಂಡೆಯನ್ನು ಒಂದು ಮೀಟರ್ ಎತ್ತರದಿಂದ ಹಗ್ಗದ ಮೇಲೆ ಬಿಟ್ಟಷ್ಟು. ಎರಡನೆಯದು ಹಗ್ಗವನ್ನು ಟ್ರ್ಯಾಕ್ಟರಿನ ಹಿಂದೆ ಎತ್ತರದಲ್ಲಿ ಕಟ್ಟುವುದು. ಹಿಂದಿನ ಅಚ್ಚಿಗಿಂತ ಮೇಲೆ ಕಟ್ಟಿದರೆ, ಎಳೆತ ಹೆಚ್ಚಿದಂತೆ ಮುಂದಿನ ಗಾಲಿಗಳು ಮೇಲೆದ್ದು ಟ್ರ್ಯಾಕ್ಟರ್ ಹಿಮ್ಮೊಗವಾಗಿ ಮಗುಚುತ್ತದೆ, ಚಾಲಕನಿಗೆ ಜಿಗಿಯಲೂ ಸಮಯ ಸಿಗುವುದಿಲ್ಲ. ಕೆಳಗಿನ ಎಳೆಪಟ್ಟಿಗೇ ಕಟ್ಟಬೇಕು. ಟ್ರ್ಯಾಕ್ಟರ್ ಇಟ್ಟಿರುವ ನನ್ನ ಬಂಧುಗಳು ದಯವಿಟ್ಟು ಇದನ್ನು ತಮ್ಮ ಚಾಲಕರಿಗೆ ಹೇಳಿರಿ.

ವಿದ್ಯುತ್ ವಿಂಚಿಗೆ ಮರಳುತ್ತೇನೆ. ಪೂರ್ಣ ಭಾರದಲ್ಲಿ ಅದು ಸುಮಾರು 400 ಆಂಪಿಯರ್ ಹೀರುತ್ತದೆ. ಜೀಪಿನ 70 ಆಂಪಿಯರ್-ಗಂಟೆಯ ಬ್ಯಾಟರಿ ಕಾಗದದ ಮೇಲಿನ ಲೆಕ್ಕದಲ್ಲಿಯೇ ಹತ್ತು ನಿಮಿಷಕ್ಕೆ ಮುಗಿಯುತ್ತದೆ, ನಿಜದಲ್ಲಿ ಇನ್ನೂ ಬೇಗ. ಎಂಜಿನ್ ಓಡುತ್ತಿರಬೇಕು, ಒಂದು ನಿಮಿಷ ಎಳೆದು ಮೋಟಾರು ತಣಿಯುವವರೆಗೆ ಕಾಯಬೇಕು. ಎಂಜಿನ್ನೇ ನಿಂತುಹೋದ ಜೀಪಿನಲ್ಲಿ ಈ ವಿಂಚ್ ಹೆಚ್ಚು ಹೊತ್ತಿನ ಗೆಳೆಯನಲ್ಲ.

ಈಗ ಮೊದಲು ಹೇಳಿದ ದಿಕ್ಕಿನ ಮಾತು. ಕೊಡಗು, ಸಕಲೇಶಪುರ, ಮೂಡಿಗೆರೆಯ ಕಾಫಿ ತೋಟಗಳ ನಡುವೆ ಜೀಪು ಓಡಿಸುವವರಿಗೆ ಮುಂಭಾಗದ ವಿದ್ಯುತ್ ವಿಂಚ್ ಒಳ್ಳೆಯ ಆಯ್ಕೆಯೇ. ಅಲ್ಲಿ ಹತ್ತು ಹೆಜ್ಜೆಗೊಂದು ಹೆಮ್ಮರವಿದೆ, ಏರುವ ದಾರಿಯಿದೆ, ಮುಂದಕ್ಕೇ ಹೋಗಬೇಕಾಗಿದೆ. ನಮ್ಮ ಬಯಲಿನಲ್ಲಿ ಮರವೆಲ್ಲಿ? ಬದುವಿನ ಮೇಲೊಂದು ಬೇವು, ಹಳ್ಳದ ದಂಡೆಗೆ ಬಳ್ಳಾರಿ ಜಾಲಿಯ ಪೊದೆ. ಎರೆ ಹೊಲದಲ್ಲಿ ಹೂತವನು ಹಗ್ಗವನ್ನು ಹಿಡಿದು ಆಕಾಶಕ್ಕೆ ಕಟ್ಟಬೇಕಷ್ಟೆ. ಅದಕ್ಕಿಂತ ಮುಖ್ಯವಾಗಿ, ಕೆಸರಿಗೆ ಇಳಿದವನಿಗೆ ಹಿಂದಿನ ನೆಲ ಗಟ್ಟಿಯೆಂದು ಗೊತ್ತಿದೆ, ಮುಂದಿನದು ಗೊತ್ತಿಲ್ಲ. ಬಂದ ದಾರಿಯಲ್ಲಿ ಹಿಂದಕ್ಕೆ ಎಳೆಸಿಕೊಳ್ಳುವುದೇ ಬಹುಪಾಲು ಸುಲಭ. ಮುಂದುಗಡೆ ಭದ್ರವಾಗಿ ಕೂರಿಸಿದ ವಿಂಚ್ ಅವನನ್ನು ಇನ್ನೂ ಆಳದ ಕೆಸರಿಗೇ ಎಳೆಯುತ್ತದೆ.

ಹೀಗಾಗಿ ನಾನು ಅವನಿಗೆ ಸೂಚಿಸಿದ್ದು ಕೈಯಿಂದ ಸನ್ನೆಗೋಲು ಆಡಿಸಿ ತಂತಿ ಹಗ್ಗವನ್ನು ಎಳೆಯುವ ಯಂತ್ರವನ್ನು. ಟಿರ್ಫರ್ ಎಂಬ ಹೆಸರಿನಿಂದ ಅದು ಪರಿಚಿತ. ವಿದ್ಯುತ್ ಕಂಬ ನಿಲ್ಲಿಸುವವರ ಬಳಿ ನೋಡಿರುತ್ತೀರಿ. ಒಳಗೆ ಎರಡು ಜೊತೆ ದವಡೆಗಳಿದ್ದು, ಒಂದು ಹಿಡಿದಾಗ ಇನ್ನೊಂದು ಮುಂದಕ್ಕೆ ಸರಿಯುತ್ತದೆ, ನಾವು ಬಾವಿಯಿಂದ ಕೊಡ ಸೇದುವಾಗ ಎರಡು ಕೈ ಬದಲಿಸುವಂತೆ. ಉರುಳೆಯಿಲ್ಲವಾದ್ದರಿಂದ ಪದರದ ನಷ್ಟವಿಲ್ಲ. 1.6 ಟನ್ನಿನದಕ್ಕೆ ಒಂದು ಕಪ್ಪಿ ಸೇರಿಸಿದರೆ ಮೂರು ಟನ್ನಿನ ಆಸುಪಾಸಿನ ಎಳೆತ. ಸಲಿಕೆಯ ಕೆಲಸ ಮಾಡಿಕೊಂಡವನಿಗೆ ಅದು ಬೇಕಾದಷ್ಟು. ಜೀಪಿನ ಹಿಂದಕ್ಕೂ ಕಟ್ಟಬಹುದು ಮುಂದಕ್ಕೂ ಕಟ್ಟಬಹುದು, ಬ್ಯಾಟರಿ ಬೇಡ, ನೆರೆಯವನ ಟ್ರ್ಯಾಕ್ಟರಿಗೂ ಒಯ್ಯಬಹುದು. ದೋಷವೆಂದರೆ ನಿಧಾನ: ಒಂದು ಆಡಿಕೆಗೆ ಕೆಲವೇ ಸೆಂಟಿಮೀಟರ್.

ಕಾನೂನಿನ ತೊಡಕೂ ಇದರಲ್ಲಿಲ್ಲ. ಕಾರುಗಳ ಮುಂದೆ ಉಕ್ಕಿನ ಅಡ್ಡಗಂಬಿ ಹಾಕಿಸುವುದರ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಪತ್ರ ಬರೆದಿದೆ. ವಿಂಚ್ ಹೊರುವ ಭಾರಿ ಬಂಪರು ಆ ಸಾಲಿಗೆ ಸೇರುತ್ತದೆಯೇ ಎಂದು ಹಾಕಿಸುವ ಮುನ್ನವೇ ಆರ್‌.ಟಿ.ಓ. ಕಚೇರಿಯಲ್ಲಿ ಕೇಳಿಕೊಳ್ಳುವುದು ಲೇಸು.

“ನಿಧಾನ ಆದ್ರ ಅವ್ವಗ ಮತ್ತ ಉಸಿರ ಹಿಡಿದಾಗ ಏನ ಮಾಡ್ಲಿರಿ ಸರ್?” ಎಂದು ಅವನು ಕೇಳಿದ. ಸರಿಯಾದ ಪ್ರಶ್ನೆ. ಕಟ್ಟುವ ಜಾಗ ಹುಡುಕುವುದರಲ್ಲಿಯೇ ಅರ್ಧ ಗಂಟೆ ಕಳೆಯುವುದಾದರೆ ಯಾವ ಯಂತ್ರವೂ ಉಪಯೋಗಕ್ಕಿಲ್ಲ. ಆದರೆ ಎರಡು ಕಿಲೋಮೀಟರಿನಲ್ಲಿ ಕುಸಿಯುವ ಜಾಗಗಳು ಎಷ್ಟು ಎಂದು ಕೇಳಿದೆ. ಮೂರೇ ಎಂದ. ಪ್ರತಿ ವರ್ಷವೂ ಅವೇ ಮೂರು. ಹಾಗಿದ್ದರೆ ಕಟ್ಟುವ ಗೂಟವನ್ನು ಬೇಸಿಗೆಯಲ್ಲಿಯೇ ನೆಡಬಹುದಲ್ಲ! ಗೂಟ ಎಂದರೆ ನೆಟ್ಟಗೆ ನಿಲ್ಲಿಸಿದ್ದಲ್ಲ, ಅದು ಒದ್ದೆ ಎರೆಯಲ್ಲಿ ಬಾಗುತ್ತದೆ. ಎಳೆಯುವ ದಿಕ್ಕಿಗೆ ಅಡ್ಡಲಾಗಿ ಆಳುದ್ದದ ಕಾಲುವೆ ತೋಡಿ, ದಪ್ಪ ಜಾಲಿ ದಿಮ್ಮಿಯನ್ನು ಮಲಗಿಸಿ, ಅದರ ನಡುವಿಗೆ ಸರಪಳಿ ಸುತ್ತಿ ಒಂದು ತುದಿಯನ್ನು ಓರೆಯಾಗಿ ಮೇಲಕ್ಕೆ ತಂದು, ಕಲ್ಲು ಮುರುಮ ಹಾಕಿ ದಿಮ್ಮಸು ಹೊಡೆಯಬೇಕು. ದಿಮ್ಮಿ ಮೇಲೇಳಬೇಕಾದರೆ ತನ್ನ ಮುಂದಿನ ಅಷ್ಟೂ ನೆಲವನ್ನು ತಳ್ಳಬೇಕು.

ಏಪ್ರಿಲಿನಲ್ಲಿ ಮೂರು ಜಾಗಗಳ ಎರಡೂ ಬದಿಗೆ ಅಂಥ ಆರು ದಿಮ್ಮಿಗಳನ್ನು ಹೂತ. ಮೇ ಕೊನೆಯಲ್ಲಿ ಒಂದು ಜಾಗಕ್ಕೆ ಪಂಪಿನಿಂದ ಎರಡು ದಿನ ನೀರು ಬಿಟ್ಟು, ಬೇಕೆಂದೇ ಜೀಪನ್ನು ಹೂತು ಪರೀಕ್ಷೆ ಮಾಡಿದೆವು. ಇಬ್ಬರು ಸರದಿಯಂತೆ ಸನ್ನೆಗೋಲು ಆಡಿಸಿ, ಆರು ಮೀಟರ್ ಹಿಂದಕ್ಕೆ ಎಳೆದು ಗಟ್ಟಿ ನೆಲ ಮುಟ್ಟಿಸಲು ಮೂವತ್ತೈದು ನಿಮಿಷ ಹಿಡಿಯಿತು. ಬದುವಿನ ಮೇಲೆ ಕುಳಿತು ನೋಡುತ್ತಿದ್ದ ತಾಯಿ, “ಹೊರಸೂ ಒಂದು ಜೀಪಿನ ಮ್ಯಾಲ ಇರಲಿ ತಮ್ಮಾ,” ಎಂದರು. ಆಕೆ ಹೇಳಿದ್ದು ತಮಾಷೆಗಲ್ಲ. ಭೀಮೆಯೇ ಮೇಲೇರಿ ಬಂದರೆ, 2020ರ ಅಕ್ಟೋಬರಿನಲ್ಲಿ ಬಂದಂತೆ, ಆ ನೀರಿಗೆ ಜೀಪು ಇಳಿಸುವ ಮಾತೇ ಇಲ್ಲ. ಮುನ್ಸೂಚನೆ ಬಂದ ದಿನವೇ ಆಕೆ ಅಫಜಲಪುರದ ಮಗಳ ಮನೆಗೆ ಹೋಗಬೇಕೆಂದು ಗೊತ್ತುಮಾಡಿಕೊಂಡಿದ್ದಾರೆ.

ವಿದ್ಯುತ್ ವಿಂಚಿಗೆಂದು ಎತ್ತಿಟ್ಟ ಹಣದಲ್ಲಿ ಉಳಿದದ್ದಕ್ಕೆ ಮುರುಮ ತರಿಸಿದ್ದಾನೆ. ಮೂರರಲ್ಲಿ ಅತಿ ಕೆಟ್ಟದ್ದಾದ ಹಳ್ಳದ ತಿರುವಿಗೆ ಹದಿನಾಲ್ಕು ಟ್ರಿಪ್ ಬಿದ್ದಿದೆ, ಇನ್ನೂ ಹತ್ತು ಬೇಕಂತೆ. ಉಳಿದೆರಡು ಜಾಗಗಳು ಮುಂದಿನ ಬೇಸಿಗೆಗೆ.